ಸಾಂಟಾ ಬಾರ್ಬರಾ ದ್ವೀಪದ ರಸಭರಿತ ಸಸ್ಯವೂ ಅದರ ನೆಲೆಯ ಸಂರಕ್ಷಣೆಯೂ

ಜಾನುವಾರುಗಳಿಂದ ಬೇಸಾಯಗಾರನಿಗೆ ಆಗುವ ಪ್ರಯೋಜನವನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಆದರೆ ನೆಲದ ಶಕ್ತಿಯನ್ನು ನೋಡದೆ, ಕಾವಲಿಲ್ಲದೆ ಬಿಟ್ಟ ಪ್ರಾಣಿಗಳು ಒಂದು ಪ್ರದೇಶವನ್ನು ಎಂತಹ ದುಃಸ್ಥಿತಿಗೆ ತರಬಲ್ಲವು, ಹಾಗೆ ಕೆಟ್ಟ ನೆಲವು ಸುಧಾರಿಸಲು ಎಷ್ಟು ಕಾಲ ಹಿಡಿಯುವುದು ಎಂಬುದನ್ನು ಸ್ಪಷ್ಟವಾಗಿ ತೋರಿಸುವ ನಿದರ್ಶನಗಳು ವಿರಳ. ವಿಸ್ತಾರವಾದ ನಾಡಿನಲ್ಲಿ ಮಳೆಯ ಅಭಾವ, ಬೆಂಕಿ, ಕಟಾವು, ಮೇವು ಮೊದಲಾದ ಅನೇಕ ಕಾರಣಗಳು ಒಂದರೊಡನೊಂದು ಬೆರೆತಿರುವುದರಿಂದ, ಯಾವ ಹಾನಿಯು ಯಾವುದರಿಂದ ಆಯಿತೆಂದು ನಿರ್ಣಯಿಸುವುದು ಕಷ್ಟ. ನಾಲ್ಕು ಕಡೆಯೂ ಸಮುದ್ರದಿಂದ ಸುತ್ತುವರಿದ ಚಿಕ್ಕದೊಂದು ದ್ವೀಪದಲ್ಲಿಯಾದರೋ, ಬಂದದ್ದು ಯಾವುದು, ಹೋದದ್ದು ಯಾವುದು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಕಂಡಂತೆ ಕಾಣಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದಲ್ಲಿರುವ ಸಾಂಟಾ ಬಾರ್ಬರಾ ದ್ವೀಪವೂ, ಪ್ರಪಂಚದಲ್ಲಿ ಅಲ್ಲಿ ಮಾತ್ರ ಸ್ವಾಭಾವಿಕವಾಗಿ ಬೆಳೆಯುವ ಒಂದು ರಸಭರಿತ ಸಸ್ಯವೂ ಅಂತಹ ನಿದರ್ಶನವಾಗಿವೆ.

ದ್ವೀಪದ ಸ್ವರೂಪ

ಈ ದ್ವೀಪವು ಕ್ಯಾಲಿಫೋರ್ನಿಯಾ ಸಂಸ್ಥಾನದ ದಕ್ಷಿಣಭಾಗದ ಕರಾವಳಿಗೆ ಎದುರಾಗಿ, ಪೆಸಿಫಿಕ್ ಮಹಾಸಾಗರದಲ್ಲಿ, ತೀರದಿಂದ ಸುಮಾರು 38 ಮೈಲಿ ದೂರದಲ್ಲಿದೆ. ಇದರ ವಿಸ್ತೀರ್ಣವು ಸುಮಾರು 640 ಎಕರೆ, ಎಂದರೆ ಒಂದು ಚದರ ಮೈಲಿ ಮಾತ್ರ. ನಮ್ಮ ನಾಡಿನ ಒಂದು ಸಾಧಾರಣ ಗ್ರಾಮದ ಎಲ್ಲೆಗಿಂತ ಇದು ದೊಡ್ಡದಲ್ಲ. ದ್ವೀಪದ ಅತ್ಯುನ್ನತ ಶಿಖರವು 634 ಅಡಿ ಎತ್ತರವಾಗಿದೆ. 1602ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ, ಸಂತ ಬಾರ್ಬರಾಳ ಹಬ್ಬದ ದಿನದಂದು, ಸ್ಪೇನ್ ದೇಶದ ನಾವಿಕನಾದ ವಿಸ್ಕಾಯಿನೋ ಎಂಬಾತನು ಇಲ್ಲಿಗೆ ಬಂದುದರಿಂದ ಈ ಹೆಸರು ಉಂಟಾಯಿತು.

ಇಲ್ಲಿ ಮರಗಳಿಲ್ಲ, ಸದಾ ಹರಿಯುವ ಸಿಹಿನೀರಿನ ಹಳ್ಳಗಳಿಲ್ಲ. ಮಳೆಯು ಚಳಿಗಾಲದಲ್ಲಿ ಮಾತ್ರ ಬೀಳುವುದು, ಅದೂ ಸ್ವಲ್ಪ. ಬೇಸಗೆಯ ತಿಂಗಳುಗಳಲ್ಲಿ ಸಮುದ್ರದಿಂದ ಏಳುವ ಮಂಜೇ ಗಿಡಗಳಿಗೆ ಆಧಾರ. ದ್ವೀಪದ ಅಂಚುಗಳು ಕಡಿದಾದ ಬಂಡೆಗಳಾಗಿಯೂ ಕೊರಕಲುಗಳಾಗಿಯೂ ಸಮುದ್ರಕ್ಕೆ ಇಳಿದಿವೆ. ಮೇಲ್ಭಾಗದ ತಪ್ಪಲುಗಳಲ್ಲಿ, ಆಳೆತ್ತರಕ್ಕೆ ಬೆಳೆದು ಹಳದಿಯ ಹೂವು ಬಿಡುವ ಕೊರಿಯಾಪ್ಸಿಸ್ ಎಂಬ ದಪ್ಪಕಾಂಡದ ಗಿಡಗಳು ಪೂರ್ವದಲ್ಲಿ ತೋಪುಗಳಂತೆ ವ್ಯಾಪಿಸಿದ್ದವು. ಗಾಳಿಯನ್ನು ತಡೆಯುವುದಕ್ಕೂ, ಮಂಜಿನ ಹನಿಯನ್ನು ಹಿಡಿದು ನೆಲಕ್ಕೆ ಇಳಿಸುವುದಕ್ಕೂ, ಹಕ್ಕಿಗಳು ಗೂಡು ಕಟ್ಟುವುದಕ್ಕೂ ಇವೇ ಆಶ್ರಯವಾಗಿದ್ದವು.

ಗಿಡದ ಲಕ್ಷಣ

ಪ್ರಕೃತ ವಿಷಯವಾದ ಸಸ್ಯಕ್ಕೆ ಶಾಸ್ತ್ರದಲ್ಲಿ ಡಡ್ಲಿಯಾ ಟ್ರಾಸ್ಕಿಯೇ ಎಂದು ಹೆಸರು. ಡಡ್ಲಿಯಾ ಎಂಬ ಕುಲನಾಮವು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಆಚಾರ್ಯರಾಗಿದ್ದ ವಿಲಿಯಂ ಡಡ್ಲಿ ಎಂಬವರ ಸ್ಮರಣಾರ್ಥವಾಗಿಯೂ, ಟ್ರಾಸ್ಕಿಯೇ ಎಂಬುದು ಇಪ್ಪತ್ತನೆಯ ಶತಮಾನದ ಪ್ರಾರಂಭದಲ್ಲಿ ಈ ಗಿಡವನ್ನು ದ್ವೀಪದಿಂದ ಸಂಗ್ರಹಿಸಿದ ಬ್ಲಾಂಚ್ ಟ್ರಾಸ್ಕ್ ಎಂಬ ಮಹಿಳೆಯ ಸ್ಮರಣಾರ್ಥವಾಗಿಯೂ ಇಟ್ಟವು. ಈ ಕುಲದಲ್ಲಿ ಸುಮಾರು 45 ಜಾತಿಗಳಿದ್ದು, ಅವೆಲ್ಲವೂ ಉತ್ತರ ಅಮೆರಿಕೆಯ ಪಶ್ಚಿಮಭಾಗಕ್ಕೆ ಸೇರಿದವು. ಕಿತ್ತಿಟ್ಟರೂ ಬಹುಕಾಲ ಬಾಡದೆ ಇರುವುದರಿಂದ, ಆ ಸೀಮೆಯ ಜನರು ಇವುಗಳನ್ನು ‘ಎಂದೆಂದಿಗೂ ಬದುಕಿರುವುದು’ ಎಂಬ ಅರ್ಥವುಳ್ಳ ಹೆಸರಿನಿಂದ ಕರೆಯುತ್ತಾರೆ. ನಮ್ಮಲ್ಲಿ ಇದನ್ನು ಚಿರಂಜೀವಿ ಗಿಡವೆಂದರೆ ಸಲ್ಲುವುದು. ಆದರೆ ಈ ಹೆಸರು ಎಷ್ಟರ ಮಟ್ಟಿಗೆ ಸಾರ್ಥಕವೆಂಬುದನ್ನು ಮುಂದೆ ನೋಡಬಹುದು.

ನಮ್ಮ ತೋಟಗಳಲ್ಲಿಯೂ ಬೇಲಿಗಳ ಪಕ್ಕದಲ್ಲಿಯೂ ಕಾಣುವ ಕಾಡುಬಸಳೆಯು ಯಾವ ಸಸ್ಯಕುಟುಂಬಕ್ಕೆ ಸೇರಿದೆಯೋ ಈ ಗಿಡವೂ ಅದೇ ಕುಟುಂಬದ್ದು. ದಪ್ಪನಾಗಿ, ಬೂದುಮಿಶ್ರಿತ ಹಸುರು ಬಣ್ಣದ ಎಲೆಗಳು ಬುಡದಲ್ಲಿಯೇ ತಾವರೆಯ ದಳಗಳಂತೆ ಸುತ್ತಲೂ ಜೋಡಿಸಿಕೊಂಡಿರುತ್ತವೆ. ಇಂತಹ ಅನೇಕ ಸುತ್ತುಗಳು ಕೂಡಿ ಒಂದು ಹಿಂಡಾಗುತ್ತದೆ. ವಸಂತಕಾಲದಲ್ಲಿ ಹಿಂಡಿನ ನಡುವಿನಿಂದ ದಂಟುಗಳು ಎದ್ದು, ಹಳದಿಯ ಹೂವುಗಳು ಬಿಡುವುವು. ಬೀಜವು ಧೂಳಿನಷ್ಟು ಸಣ್ಣದು. ಬಂಡೆಯ ಬಿರುಕಿನಲ್ಲಿ ಸ್ವಲ್ಪ ಮಣ್ಣೂ ತೇವವೂ ಸಿಕ್ಕಿದಲ್ಲಿ ಬೀಜವು ಮೊಳೆತು ಬಹು ನಿಧಾನವಾಗಿ ಬೆಳೆಯುವುದು.

ಮಳೆಯಿಲ್ಲದ ತಿಂಗಳುಗಳನ್ನು ಈ ಗಿಡವು ಕಳೆಯುವ ರೀತಿಯು ಬೇಸಾಯಗಾರರು ಗಮನಿಸತಕ್ಕದ್ದಾಗಿದೆ. ಸಾಧಾರಣ ಬೆಳೆಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತವೆ. ಆಗ ಬಿಸಿಲಿನ ತಾಪಕ್ಕೆ ಬಹಳ ನೀರು ಆವಿಯಾಗಿ ಹೋಗುವುದು. ಈ ಜಾತಿಯ ಗಿಡಗಳಾದರೋ ರಾತ್ರಿಯ ತಂಪಿನಲ್ಲಿ ರಂಧ್ರಗಳನ್ನು ತೆರೆದು, ಗಾಳಿಯಲ್ಲಿನ ಇಂಗಾಲಾಮ್ಲವನ್ನು ಒಂದು ಬಗೆಯ ಹುಳಿಯ ರೂಪದಲ್ಲಿ ಎಲೆಯಲ್ಲಿ ಕೂಡಿಟ್ಟು, ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು ಆ ಸಂಗ್ರಹವನ್ನು ಉಪಯೋಗಿಸಿಕೊಳ್ಳುತ್ತವೆ. ಈ ಮರ್ಮದ ಒಂದು ಮುಖ್ಯವಾದ ಸುಳಿವು ದೊರೆತದ್ದು ನಮ್ಮ ದೇಶದಲ್ಲಿಯೇ. ಬೆಂಗಳೂರಿನ ಲಾಲ್‌ಬಾಗನ್ನು ಕೆಲವು ಕಾಲ ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞನು, ಕಾಡುಬಸಳೆಯ ಎಲೆಯನ್ನು ಬೆಳಗ್ಗೆ ಅಗಿದರೆ ಬಹಳ ಹುಳಿಯಾಗಿಯೂ, ಮಧ್ಯಾಹ್ನಕ್ಕೆ ರುಚಿಯಿಲ್ಲದೆಯೂ ಇರುವುದೆಂದು ಕಂಡು, ಅದನ್ನು ಪತ್ರಮುಖೇನ ತಿಳಿಸಿದನು. ಆ ಪತ್ರವು 1815ರಲ್ಲಿ ಲಂಡನ್ನಿನ ಲಿನ್ನೀಯನ್ ಸಂಘದ ಗ್ರಂಥದಲ್ಲಿ ಪ್ರಕಟವಾಯಿತು. ಅನಾನಸು ಮತ್ತು ಕತ್ತಾಳೆ ಗಿಡಗಳು ಅಲ್ಪ ನೀರಿನಲ್ಲಿ ಬಾಳುವುದಕ್ಕೂ ಇದೇ ಕಾರಣವೆಂದು ತರುವಾಯ ತಿಳಿದುಬಂದಿತು.

ಬೇಸಾಯವೂ ಮೊಲಗಳೂ

ಬಿಸಿಲು, ಬರ, ಉಪ್ಪುಗಾಳಿ ಇವುಗಳನ್ನೆಲ್ಲ ಸಹಿಸಿಕೊಂಡು ಅಸಂಖ್ಯಾತ ವರ್ಷಗಳಿಂದ ಬಾಳಿದ ಗಿಡಕ್ಕೆ ಒಂದು ವಿಷಯದಲ್ಲಿ ಮಾತ್ರ ಅನುಭವವಿರಲಿಲ್ಲ. ಎಲೆಯನ್ನು ಬುಡದವರೆಗೆ ಮೇಯುವ ಪ್ರಾಣಿಗಳು ಆ ದ್ವೀಪದಲ್ಲಿ ಇರಲಿಲ್ಲವಾದ್ದರಿಂದ, ಮುಳ್ಳಾಗಲಿ ಬೇರೆ ರಕ್ಷಣೆಯಾಗಲಿ ಅದಕ್ಕೆ ಬೆಳೆದಿರಲಿಲ್ಲ. ನೀರಿಲ್ಲದ ನೆಲದಲ್ಲಿ ನೀರು ತುಂಬಿದ ಎಲೆಯು ಮೇಯುವ ಪ್ರಾಣಿಗೆ ಆಹಾರವೂ ಪಾನವೂ ಆಗುವುದು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಒಂದು ಕುಟುಂಬದವರು ಈ ದ್ವೀಪವನ್ನು ಗುತ್ತಿಗೆಗೆ ಪಡೆದು, ಗಿಡಗಳನ್ನು ಸುಟ್ಟು ನೆಲವನ್ನು ತೆರವು ಮಾಡಿ, ಬಾರ್ಲಿ, ಆಲೂಗೆಡ್ಡೆ ಮೊದಲಾದುವನ್ನು ಬೆಳೆಯಲು ಪ್ರಯತ್ನಿಸಿದರು, ಕುರಿಗಳನ್ನೂ ಸಾಕಿದರು. ನೀರಿನ ಅಭಾವದಿಂದಲೂ ದೋಣಿಸಾಗಣೆಯ ಕಷ್ಟದಿಂದಲೂ ಈ ಉದ್ಯಮವು ಹೆಚ್ಚು ವರ್ಷ ನಡೆಯಲಿಲ್ಲ. ಅವರು ಹೊರಟುಹೋದರು, ಆದರೆ ಸುಟ್ಟು ಉತ್ತ ನೆಲವು ಹಾಗೆಯೇ ಉಳಿಯಿತು.

1938ರಲ್ಲಿ ಅಮೆರಿಕಾ ಸರ್ಕಾರವು ಈ ದ್ವೀಪವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಘೋಷಣೆಯಾದ ನಾಲ್ಕು ವರ್ಷಗಳಲ್ಲಿಯೇ, ಎಂದರೆ 1942ರಲ್ಲಿ, ಯುದ್ಧಕಾಲದ ಕಾವಲಿಗೆಂದು ಅಲ್ಲಿ ಬೀಡುಬಿಟ್ಟಿದ್ದ ನೌಕಾಪಡೆಯವರು ನ್ಯೂಜಿಲೆಂಡ್ ಕೆಂಪು ಮೊಲವೆಂಬ ಸಾಕು ತಳಿಯ ಮೊಲಗಳನ್ನು ದ್ವೀಪದಲ್ಲಿ ಬಿಟ್ಟರು. ಕಾಗದದ ಮೇಲಿನ ರಕ್ಷಣೆಯು ನೆಲದ ಮೇಲಿನ ಕಾವಲಿಗೆ ಸಮನಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಹೆಣ್ಣು ಮೊಲವು ಗರ್ಭ ಧರಿಸಿದ ಸುಮಾರು ಒಂದು ತಿಂಗಳಲ್ಲಿಯೇ ಮರಿ ಹಾಕುವುದು. ವರ್ಷಕ್ಕೆ ಹಲವು ಸೂಲು. ತೋಳ, ನರಿ ಮೊದಲಾದ ಶತ್ರುಗಳಿಲ್ಲದ ಆ ನೆಲದಲ್ಲಿ ಅವು ಯಥೇಚ್ಛವಾಗಿ ವೃದ್ಧಿಯಾದವು. ಕೊರಿಯಾಪ್ಸಿಸ್ ಗಿಡಗಳ ಕಾಂಡಗಳನ್ನು ಕಡಿದು ಬೀಳಿಸಿದವು. ಎಳೆಯ ಸಸಿಗಳನ್ನು ತಲೆಯೆತ್ತಗೊಡಲಿಲ್ಲ. ಚಿರಂಜೀವಿ ಗಿಡವನ್ನು ಬುಡಸಹಿತ ತಿಂದವು. ಮೊಲಗಳ ಹಲ್ಲು ನಿಲುಕದ ಕಡಿದಾದ ಬಂಡೆಗಳಲ್ಲಿ ಮಾತ್ರ ಹಸುರು ಉಳಿಯಿತು.

1959ರಲ್ಲಿ ದ್ವೀಪಕ್ಕೆ ಬೆಂಕಿಯೂ ಬಿದ್ದಿತು. ಈ ದ್ವೀಪದಲ್ಲಿ ಮಾತ್ರ ವಾಸಿಸುತ್ತಿದ್ದ ಒಂದು ಬಗೆಯ ಹಾಡುವ ಗುಬ್ಬಿಯು, ಮೊಲಗಳು ಬರಿದುಮಾಡಿದ್ದರಲ್ಲಿ ಉಳಿದ ಪೊದೆಗಳೂ ಸುಟ್ಟುಹೋದ ಮೇಲೆ, ಗೂಡಿಗೆ ಆಶ್ರಯವಿಲ್ಲದೆಯೂ, ಮನುಷ್ಯರು ತಂದುಬಿಟ್ಟಿದ್ದ ಬೆಕ್ಕುಗಳ ಬಾಯಿಗೆ ಬಿದ್ದೂ ನಿರ್ನಾಮವಾಯಿತು. 1983ರಲ್ಲಿ ಅದರ ಹೆಸರನ್ನು ಅಪಾಯಸ್ಥಿತಿಯ ಪಟ್ಟಿಯಿಂದ ತೆಗೆದುಹಾಕಲಾಯಿತು. ಕಾರಣ, ರಕ್ಷಿಸಲು ಒಂದು ಹಕ್ಕಿಯೂ ಉಳಿದಿರಲಿಲ್ಲ. 1970ರ ವೇಳೆಗೆ ಚಿರಂಜೀವಿ ಗಿಡಕ್ಕೂ ಇದೇ ಗತಿಯಾಯಿತೆಂದು ಸಸ್ಯಶಾಸ್ತ್ರಜ್ಞರು ನಂಬಿದ್ದರು.

ನೆಲಕ್ಕೆ ಉಪ್ಪು ಹಾಕುವ ಕಳೆ

ಮೊಲಗಳೂ ನೇಗಿಲೂ ಬರಿದುಮಾಡಿದ ನೆಲವನ್ನು ಹಿಡಿದುಕೊಳ್ಳಲು ಮತ್ತೊಂದು ಪರದೇಶದ ಸಸ್ಯವು ಸಿದ್ಧವಾಗಿತ್ತು. ದಕ್ಷಿಣ ಆಫ್ರಿಕಾ ಕಡೆಯದಾದ ಈ ಗಿಡದ ಎಲೆಯ ಮೇಲೆ ಹಿಮದ ಹರಳಿನಂತೆ ಹೊಳೆಯುವ ನೀರಿನ ಗುಳ್ಳೆಗಳಿರುವುದರಿಂದ ಇದನ್ನು ಹಿಮಸಸ್ಯವೆಂದು ಕರೆಯುತ್ತಾರೆ. ಇದೂ ರಸಭರಿತ ಸಸ್ಯವೇ. ಸ್ವಭಾವವು ಮಾತ್ರ ಬೇರೆ. ಇದು ಬೆಳೆಯುವ ಕಾಲದಲ್ಲಿ ಮಣ್ಣಿನಿಂದ ಉಪ್ಪನ್ನು ಹೀರಿ ತನ್ನ ದೇಹದಲ್ಲಿ ತುಂಬಿಕೊಳ್ಳುವುದು. ಗಿಡವು ಸತ್ತು ಒಣಗಿದ ಮೇಲೆ ಮಂಜಿನ ಮತ್ತು ಮಳೆಯ ನೀರಿನಿಂದ ಆ ಉಪ್ಪೆಲ್ಲವೂ ಕರಗಿ, ಮೇಲ್ಮಣ್ಣಿನಲ್ಲಿಯೇ ನಿಲ್ಲುವುದು. ಚೌಳು ನೆಲದಲ್ಲಿ ಬಿತ್ತಿ ಮೊಳಕೆ ಕಾಣದೆ ನಷ್ಟಪಟ್ಟ ರೈತರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಇತರ ಗಿಡಗಳ ಬೀಜಗಳು ಅಂತಹ ಮಣ್ಣಿನಲ್ಲಿ ಮೊಳೆಯಲಾರವು. ಹಿಮಸಸ್ಯದ ಬೀಜಗಳು ಮಾತ್ರ ಮೊಳೆಯುತ್ತವೆ. ಹೀಗೆ ಇದು ತನ್ನ ಸಂತತಿಗೆ ತಾನೇ ನೆಲವನ್ನು ಹದಮಾಡಿಕೊಂಡು ವರ್ಷೇವರ್ಷೇ ಮುಂದುವರಿಯುವುದು.

ನಮ್ಮ ನಾಡಿಗೂ ಇಂತಹ ಅನುಭವವು ಹೊಸದಲ್ಲ. ಅಮೆರಿಕಾ ಖಂಡದಿಂದ ಬಂದ ಪಾಪಾಸುಕಳ್ಳಿಯು ಒಂದು ಕಾಲದಲ್ಲಿ ದಕ್ಷಿಣ ಇಂಡಿಯಾದ ಗೋಮಾಳಗಳನ್ನೂ ಬೀಳು ಭೂಮಿಗಳನ್ನೂ ಹೇಗೆ ಆಕ್ರಮಿಸಿತೆಂಬುದು ಹಿರಿಯರ ಮಾತಿನಿಂದ ಅನೇಕರಿಗೆ ತಿಳಿದಿರಬಹುದು. ಕಡಿದರೂ ಸುಟ್ಟರೂ ಅಡಗದ ಆ ಕಳ್ಳಿಯು, 1926ರಲ್ಲಿ ಅದನ್ನೇ ತಿಂದು ಬದುಕುವ ಒಂದು ಬಗೆಯ ಹುಳುವನ್ನು ತರಿಸಿ ಬಿಟ್ಟ ಮೇಲೆಯೇ ಹತೋಟಿಗೆ ಬಂದಿತು. ಒಂದು ಸಸ್ಯವು ರಸಭರಿತವೆಂಬ ಮಾತ್ರಕ್ಕೆ ರಕ್ಷಣೆಗೆ ಅರ್ಹವೂ ಅಲ್ಲ, ನಾಶಕ್ಕೆ ಅರ್ಹವೂ ಅಲ್ಲ. ಅದು ಯಾವ ನೆಲದ್ದು, ಅಲ್ಲಿ ಏನು ಮಾಡುತ್ತದೆ ಎಂಬುದನ್ನು ನೋಡತಕ್ಕದ್ದು.

ಗಿಡವು ತಿರುಗಿ ದೊರೆತುದು

1975ರಲ್ಲಿ ದ್ವೀಪದ ಕಡಿದಾದ ಬಂಡೆಗಳ ನಡುವೆ ಚಿರಂಜೀವಿ ಗಿಡಗಳು ಜೀವಸಹಿತವಾಗಿರುವುದು ಕಂಡುಬಂದಿತು. 1978ರಲ್ಲಿ ಅಮೆರಿಕಾ ಸರ್ಕಾರವು ಇದನ್ನು ಅಪಾಯಸ್ಥಿತಿಯಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. 1980ರಲ್ಲಿ ಈ ದ್ವೀಪವನ್ನೂ ನೆರೆಯ ನಾಲ್ಕು ದ್ವೀಪಗಳನ್ನೂ ಸೇರಿಸಿ ಚಾನೆಲ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಲಾಯಿತು.

ಮುಖ್ಯವಾದ ಕಾರ್ಯವು ಮೊಲಗಳನ್ನು ತೆಗೆಯುವುದಾಗಿತ್ತು. 1950ರ ದಶಕದಿಂದಲೂ ಈ ಪ್ರಯತ್ನವು ನಡೆದಿದ್ದಿತು. ಪ್ರತಿ ಸಲವೂ ಬಹುಭಾಗವನ್ನು ಕೊಂದು ಕೆಲವನ್ನು ಉಳಿಸಿದುದರಿಂದ, ಉಳಿದ ಕೆಲವೇ ತಿರುಗಿ ಹೆಚ್ಚಿ, ಮಾಡಿದ ವೆಚ್ಚವೆಲ್ಲವೂ ವ್ಯರ್ಥವಾಗುತ್ತಿದ್ದಿತು. ಹೊಲದಲ್ಲಿ ಕರಿಕೆಯ ಗೆಣ್ಣನ್ನು ಉಳಿಸಿ ಮೇಲಿನ ಹುಲ್ಲನ್ನು ಕೊಯ್ದಂತೆ ಇದಾಯಿತು. ಕಡೆಗೆ ನಿರಂತರವಾಗಿ ಬೆನ್ನುಹತ್ತಿ, 1981ರಲ್ಲಿ ಕೊನೆಯ ಮೊಲವನ್ನು ನಿವಾರಿಸಿದರು. ಕೆಲವು ಮೊಲಗಳನ್ನು ಬಿಡಲು ಒಂದು ದಿನ ಸಾಕಾಯಿತು. ಅವುಗಳ ಸಂತತಿಯನ್ನು ತೆಗೆಯಲು 39 ವರ್ಷ ಹಿಡಿಯಿತು.

ಮೊಲಗಳು ಹೋದ ಮೇಲೆ ಬಂಡೆಗಳ ಆಶ್ರಯದಲ್ಲಿ ಉಳಿದಿದ್ದ ಗಿಡಗಳು ಹೂತು ಬೀಜ ಉದುರಿಸತೊಡಗಿದವು. ಕೊರಿಯಾಪ್ಸಿಸ್ ಗಿಡಗಳೂ ಅಲ್ಲಲ್ಲಿ ತಲೆಯೆತ್ತಿದವು. ಈ ಶತಮಾನದಲ್ಲಿ ಉದ್ಯಾನದ ಅಧಿಕಾರಿಗಳು ದ್ವೀಪದ ಗಿಡಗಳಿಂದಲೇ ಬೀಜಗಳನ್ನು ಆಯ್ದು, ದ್ವೀಪದಲ್ಲಿಯೇ ಸಸಿಮಡಿಗಳನ್ನು ಮಾಡಿ, ಸ್ವಯಂಸೇವಕರ ಸಹಾಯದಿಂದ ಸ್ಥಳೀಯ ಪೊದೆಗಳನ್ನು ನೆಡಿಸುತ್ತಿದ್ದಾರೆ. ಆದರೆ ಉಪ್ಪೇರಿದ ಮಣ್ಣು ಬೇಗ ತಿಳಿಯಾಗುವುದಿಲ್ಲ. ಕೊಚ್ಚಿಹೋದ ಮೇಲ್ಮಣ್ಣು ಹಿಂದಿರುಗುವುದಿಲ್ಲ. ಹಾಡುವ ಗುಬ್ಬಿಯಂತೂ ಎಂದಿಗೂ ಬರಲಾರದು. ಗಿಡವು ಉಳಿದದ್ದು ಮನುಷ್ಯರ ದೂರದೃಷ್ಟಿಯಿಂದಲ್ಲ, ಬಂಡೆಗಳ ಕಡಿದಾದ ಸ್ವಭಾವದಿಂದ ಎಂಬುದನ್ನು ಮರೆಯತಕ್ಕದ್ದಲ್ಲ.

ಗಿಡಗಳ ಕಳವು

ದ್ವೀಪದಲ್ಲಿ ಮೊಲಗಳ ಬಾಧೆಯು ತಪ್ಪಿದರೂ, ಕ್ಯಾಲಿಫೋರ್ನಿಯಾದ ತೀರದಲ್ಲಿ ಇದೇ ಕುಲದ ಇತರ ಜಾತಿಗಳಿಗೆ ಬೇರೊಂದು ಬಾಧೆಯು ಪ್ರಾಪ್ತವಾಯಿತು. ಕುಂಡಗಳಲ್ಲಿ ಅಲಂಕಾರಕ್ಕಾಗಿ ಇಡಲು ಇಂತಹ ಗಿಡಗಳಿಗೆ ಪೂರ್ವ ಏಷ್ಯಾದ ದೇಶಗಳಲ್ಲಿ ಹೆಚ್ಚು ಬೆಲೆ ಬಂದುದರಿಂದ, ಸಮುದ್ರತೀರದ ಬಂಡೆಗಳಿಂದ ಇವುಗಳನ್ನು ಕಿತ್ತು ಸಾಗಿಸುವ ಕಳ್ಳವ್ಯಾಪಾರವು ತಲೆದೋರಿತು. ಇದು ಬೆಳಕಿಗೆ ಬಂದ ರೀತಿಯು ಗ್ರಾಮದ ಹಿರಿಯರು ತಿಳಿಯತಕ್ಕದ್ದಾಗಿದೆ. 2017ರ ಕೊನೆಯಲ್ಲಿ ಮೆಂಡೊಸಿನೋ ಎಂಬ ಸಣ್ಣ ಊರಿನ ಅಂಚೆ ಕಚೇರಿಯಲ್ಲಿ ಒಬ್ಬ ವ್ಯಕ್ತಿಯು ಅನೇಕ ಪೆಟ್ಟಿಗೆಗಳನ್ನು ಪರದೇಶಕ್ಕೆ ಕಳುಹಿಸುತ್ತಿದ್ದುದನ್ನು ಸಾಲಿನಲ್ಲಿ ನಿಂತಿದ್ದವರೊಬ್ಬರು ಕಂಡು, ಸಂಶಯಪಟ್ಟು, ವನ್ಯಜೀವಿ ಇಲಾಖೆಗೆ ತಿಳಿಸಿದರು. ಪೆಟ್ಟಿಗೆಗಳಲ್ಲಿ ಇದ್ದುದು ಡಡ್ಲಿಯಾ ಗಿಡಗಳು. ತರುವಾಯ ವಿಚಾರಣೆಗಳು ಒಂದರ ಹಿಂದೊಂದು ನಡೆದು, ಕಳವಿನ ವ್ಯಾಪ್ತಿಯು ತಿಳಿದುಬಂದಿತು. 2018ರಲ್ಲಿ ಒಂದೇ ಪ್ರಕರಣದಲ್ಲಿ 3,700ಕ್ಕೂ ಹೆಚ್ಚು ಗಿಡಗಳು ಸಿಕ್ಕಿದವು. ಆ ಪ್ರಕರಣದ ಅಪರಾಧಿಗೆ 2022ರ ಜನವರಿಯಲ್ಲಿ ಎರಡು ವರ್ಷಗಳ ಸೆರೆವಾಸವು ವಿಧಿಸಲ್ಪಟ್ಟಿತು.

2021ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಯು ಈ ಕುಲದ ಗಿಡಗಳಿಗಾಗಿಯೇ ಪ್ರತ್ಯೇಕವಾದ ಕಾನೂನನ್ನು ಮಾಡಿತು. ಅದರ ಪ್ರಕಾರ, ಸರ್ಕಾರದ ನೆಲದಿಂದ ಈ ಗಿಡಗಳನ್ನು ಕೀಳುವುದೂ, ಜಮೀನಿನ ಒಡೆಯನ ಲಿಖಿತ ಅನುಮತಿಯನ್ನು ಕೈಯಲ್ಲಿ ಇಟ್ಟುಕೊಳ್ಳದೆ ಇತರರ ನೆಲದಿಂದ ಕೀಳುವುದೂ, ಹಾಗೆ ಕಿತ್ತುದನ್ನು ಮಾರುವುದೂ ಅಪರಾಧ. ಜುಲ್ಮಾನೆಯೂ ಸೆರೆವಾಸವೂ ಉಂಟು. ಜಮೀನಿನ ಒಡೆಯನ ಹಕ್ಕನ್ನು ಈ ಕಾನೂನು ಕಸಿದುಕೊಂಡಿಲ್ಲ. ಬದಲಾಗಿ ಆತನನ್ನೇ ಗಿಡದ ಕಾವಲುಗಾರನನ್ನಾಗಿ ಮಾಡಿದೆ. ಅದೇ ಗಿಡಗಳನ್ನು ಸಸ್ಯತೋಟಗಳಲ್ಲಿ ಬೀಜದಿಂದ ಬೆಳೆಸಿ ಮಾರಲು ಅಡ್ಡಿಯಿಲ್ಲ. ನಿಧಾನವಾದರೂ ಇದೇ ಸರಿಯಾದ ಮಾರ್ಗ.

ಇದರಿಂದ ಪ್ರಯೋಜನವೇನು?

ಧಾನ್ಯವನ್ನಾಗಲಿ ಮೇವನ್ನಾಗಲಿ ಕೊಡದ ಒಂದು ಗಿಡಕ್ಕಾಗಿ ಇಷ್ಟು ಶ್ರಮವೂ ವೆಚ್ಚವೂ ಏಕೆಂದು ಕೇಳುವವರು ಇಲ್ಲದಿಲ್ಲ. ಈ ಪ್ರಶ್ನೆಯು ನ್ಯಾಯವಾದದ್ದೇ. ಇದಕ್ಕೆ ಎರಡು ಉತ್ತರಗಳುಂಟು. ಮೊದಲನೆಯದಾಗಿ, ಇಂತಹ ಗಿಡಗಳು ನಿಂತ ಕಡೆ ಮಣ್ಣು ನಿಲ್ಲುವುದು. ಎರಡನೆಯದಾಗಿ, ಅಲ್ಪ ನೀರಿನಲ್ಲಿ ಬದುಕುವ ವಿದ್ಯೆಯನ್ನು ಕಲಿತ ಸಸ್ಯಗಳು ಬೇಸಾಯಶಾಸ್ತ್ರಕ್ಕೆ ಮೂಲಧನವಿದ್ದಂತೆ. ಬೆಳಗ್ಗೆ ಹುಳಿಯಾಗಿದ್ದ ಒಂದು ಎಲೆಯನ್ನು ಅಗಿದು ನೋಡಿದುದರಿಂದ ಎಷ್ಟು ದೊಡ್ಡ ವಿಷಯವು ಹೊರಪಟ್ಟಿತೆಂಬುದನ್ನು ಮೇಲೆ ಹೇಳಿದೆ. ಬೀಜದ ಕಣಜವನ್ನು ಸುಟ್ಟವನು ಮುಂದಿನ ಮುಂಗಾರಿನಲ್ಲಿ ಏನನ್ನು ಬಿತ್ತುವನು?

ಗ್ರಾಮಸ್ಥರು ಗಮನಿಸತಕ್ಕ ಅಂಶಗಳು

ಸಾಂಟಾ ಬಾರ್ಬರಾ ದ್ವೀಪದ ಗಿಡವು ನಮ್ಮಲ್ಲಿ ಬೆಳೆಯುವುದಲ್ಲ. ಬೆಳೆಸಬೇಕೆಂಬುದೂ ಈ ಲೇಖನದ ಉದ್ದೇಶವಲ್ಲ. ಆದರೆ ಅದರ ಚರಿತ್ರೆಯಿಂದ ಹೊರಡುವ ನೀತಿಗಳು ಗೋಮಾಳವುಳ್ಳ, ಗುಡ್ಡವುಳ್ಳ, ಸಮುದ್ರತೀರವುಳ್ಳ ಎಲ್ಲ ಗ್ರಾಮಗಳಿಗೂ ಅನ್ವಯಿಸುತ್ತವೆ.

ಮೊದಲನೆಯದು: ಹೊಸ ಪ್ರಾಣಿಯನ್ನಾಗಲಿ ಸಸ್ಯವನ್ನಾಗಲಿ ಬಯಲಿಗೆ ಬಿಡುವುದಕ್ಕೆ ಮುಂಚೆ, ಅದನ್ನು ಹಿಂದಕ್ಕೆ ತೆಗೆಯುವ ಉಪಾಯವು ತಿಳಿದಿದೆಯೇ ಎಂಬುದನ್ನು ಆಲೋಚಿಸತಕ್ಕದ್ದು.

ಎರಡನೆಯದು: ಕಡಿದಾದ ತಪ್ಪಲುಗಳನ್ನೂ, ಮರಳಿನ ದಿಬ್ಬಗಳನ್ನೂ ಮೇಯಿಸುವುದಕ್ಕಾಗಲಿ ಉಳುವುದಕ್ಕಾಗಲಿ ಬಿಡದೆ, ಅಲ್ಲಿನ ಗಿಡಬಳ್ಳಿಗಳನ್ನು ಹಾಗೆಯೇ ಇರಗೊಡಿಸತಕ್ಕದ್ದು. ನಮ್ಮ ಕರಾವಳಿಯಲ್ಲಿ ಮರಳಿನ ಮೇಲೆ ಹರಡಿ ಅದನ್ನು ಹಿಡಿದು ನಿಲ್ಲಿಸುವ ಅಡಂಬು ಬಳ್ಳಿಯು ಯಾರ ಹೊಲಕ್ಕೂ ಸೇರದಿದ್ದರೂ, ಅದರ ಹಿಂದಿರುವ ಹೊಲಗಳಿಗೆಲ್ಲ ಬೇಲಿಯಾಗಿದೆ.

ಮೂರನೆಯದು: ಕಳೆಯನ್ನಾಗಲಿ ಪಿಡುಗನ್ನಾಗಲಿ ನಿವಾರಿಸುವಾಗ ಅರ್ಧಕ್ಕೆ ನಿಲ್ಲಿಸುವುದು ಪ್ರಾರಂಭಿಸದೆ ಇರುವುದಕ್ಕಿಂತ ಹೆಚ್ಚು ನಷ್ಟಕರ. ಊರವರೆಲ್ಲ ಒಮ್ಮೆಗೇ ಕೈಹಾಕಿದರೆ ಮಾತ್ರ ಫಲವುಂಟು.

ನಾಲ್ಕನೆಯದು: ಊರಿನ ಎಲ್ಲೆಯಲ್ಲಿ ಬೆಳೆಯುವ ಅಪರೂಪದ ಸಸ್ಯಗಳ ವಿಷಯವು ಊರಿನವರಿಗೇ ತಿಳಿದಿರಬೇಕು. 2002ನೆಯ ಇಸವಿಯ ಜೀವವೈವಿಧ್ಯ ಕಾನೂನಿನ ಮೇರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಏರ್ಪಡಿಸಿ, ಆ ಎಲ್ಲೆಯ ಗಿಡ, ಮರ, ತಳಿ, ಪ್ರಾಣಿಗಳ ವಿವರವನ್ನು ದಾಖಲೆ ಪುಸ್ತಕದಲ್ಲಿ ಬರೆಯಿಸಬೇಕಾಗಿದೆ. ಸೊಪ್ಪು ಬೇರುಗಳ ಗುಣವನ್ನು ಬಲ್ಲ ವೃದ್ಧರೂ, ದನಕಾಯುವವರೂ, ಮೀನುಗಾರರೂ ಇರುವಾಗಲೇ ಅವರಿಂದ ತಿಳಿದು ಈ ಪುಸ್ತಕವನ್ನು ತುಂಬಿಸುವುದು ಗ್ರಾಮದ ಮುಖಂಡರ ಕರ್ತವ್ಯ. ಅಪರಿಚಿತರು ಬಂದು ಗಿಡಗಳನ್ನು ಮೂಟೆಗಟ್ಟಲೆ ಕಿತ್ತೊಯ್ಯುವುದು ಕಂಡರೆ, ಮೆಂಡೊಸಿನೋ ಅಂಚೆ ಕಚೇರಿಯಲ್ಲಿ ನಿಂತಿದ್ದವರಂತೆ ಸಂಬಂಧಪಟ್ಟ ಇಲಾಖೆಯವರಿಗೆ ಆ ಕ್ಷಣವೇ ತಿಳಿಸತಕ್ಕದ್ದು.

ಕಿತ್ತಿಟ್ಟರೂ ಬಾಡದ ಗಿಡವು ತನ್ನ ನೆಲವು ಕೆಟ್ಟೊಡನೆ ನಿರ್ನಾಮದ ಅಂಚಿಗೆ ಬಂದಿತು. ಬಾಳುವ ಶಕ್ತಿಯು ಎಲೆಯಲ್ಲಿ ಎಷ್ಟು ಇದ್ದರೂ, ಬಾಳುವ ಎಡೆಯನ್ನು ಕಾಯುವವರು ಬೇಕು. ಒಂದು ಗ್ರಾಮದಷ್ಟು ಅಗಲವಿರುವ ಆ ದ್ವೀಪದಲ್ಲಿ ಒಂದು ದಿನದ ಅಜಾಗ್ರತೆಗೆ ತೆತ್ತ ಬೆಲೆಯನ್ನು ನೆನೆದು, ಪ್ರತಿಯೊಂದು ಗ್ರಾಮದವರೂ ತಮ್ಮ ಎಲ್ಲೆಯೊಳಗಿನ ಬೀಳು, ಬಂಡೆ, ದಿಬ್ಬಗಳನ್ನು ವರ್ಷಕ್ಕೊಮ್ಮೆಯಾದರೂ ನಡೆದು ನೋಡುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಶ್ರೇಯಸ್ಕರ.